ವಿಜಯಪುರದ ‘ಇರಾನ್ ನಂಟು’ ನಡಿಗೆ: ಗುಮ್ಮಟಕ್ಕೆ ಎರಡು ತಾಸು, ಅಸರ್ ಮಹಲಿಗೆ ಕಾಲು ತಾಸು

ವಿಜಯಪುರದಲ್ಲಿ ಗೈಡ್‌ಗಳಿಗೆ ಬರವಿಲ್ಲ. ಗೋಳಗುಮ್ಮಟದ ಗೇಟಿನ ಮುಂದೆ ಟಾಂಗಾದಿಂದ ಇಳಿಯುವುದೇ ತಡ, ಇಬ್ಬರು ಮೂವರು ಬಂದು ನಿಲ್ಲುತ್ತಾರೆ. ಆದರೆ ಆದಿಲ್ ಶಾಹಿಗಳ ಊರನ್ನು ಅದೇ ಕಾಲದ ಇರಾನಿನ ಸಫವಿ ಸಾಮ್ರಾಜ್ಯದ ಪಕ್ಕಕ್ಕಿಟ್ಟು ತೋರಿಸುವವರು ಕಡಿಮೆ. ಊರಿನ ಕೆಲವು ಗೈಡ್‌ಗಳು ಸೇರಿ ನಡೆಸುವ ಈ ಒಂದು ದಿನದ ನಡಿಗೆ ಆ ಕೆಲಸಕ್ಕೆ ಕೈಹಾಕಿದೆ. ಮುಂಜಾನೆ 6ಕ್ಕೆ ಶುರು, ಸಂಜೆ 5ರ ಸುಮಾರಿಗೆ ಮುಗಿಯುತ್ತದೆ. ತಲಾ 1,200 ರೂಪಾಯಿ. ಅದರಲ್ಲಿ ವ್ಯಾನ್, ಮಧ್ಯಾಹ್ನದ ಊಟ ಮತ್ತು ಬಣ್ಣದ ಚಿತ್ರಗಳಿರುವ ಒಂದು ಕೈಪುಸ್ತಕ ಸೇರಿವೆ. ಸ್ಮಾರಕಗಳ ಟಿಕೆಟ್ ಖರ್ಚು ನಮ್ಮದೇ. ಒಂದು ತಂಡಕ್ಕೆ 12 ಜನರಿಗಿಂತ ಹೆಚ್ಚು ಸೇರಿಸುವುದಿಲ್ಲ, ಇದು ಒಳ್ಳೆಯ ನಿಯಮ. ವಿವರಣೆ ಪೂರ್ತಿ ಕನ್ನಡದಲ್ಲಿ.

ಕೊಟ್ಟ ಹಣಕ್ಕೆ ಮೋಸವಿಲ್ಲ. ತಕರಾರು ಇರುವುದು ಸಮಯ ಹಂಚಿದ ರೀತಿಯ ಬಗ್ಗೆ. ಇರಾನಿನ ನಂಟು ಎಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೋ ಅಲ್ಲಿ ವ್ಯಾನ್ ಹೆಚ್ಚು ಹೊತ್ತು ನಿಲ್ಲುವುದೇ ಇಲ್ಲ.

ಮೊದಲು ಕೈಪುಸ್ತಕದ ಮಾತು. ಶುರುವಿನ ಪುಟಗಳನ್ನೆಲ್ಲ ಪ್ರಾಚೀನ ಇರಾನಿನ ದೊರೆಗಳಾದ ಸೈರಸ್, ಡೇರಿಯಸ್, ಅವರ ಮನೆತನದ ರಾಜಧಾನಿ ಪರ್ಸೆಪೊಲಿಸ್ಸಿನ ಕಂಬಗಳು ನುಂಗಿವೆ. ಚಿತ್ರಗಳು ಚೆಂದ ಇವೆ, ಆದರೆ ಈ ನಡಿಗೆಗೂ ಅವುಗಳಿಗೂ ಸಂಬಂಧವಿಲ್ಲ. ಅಲೆಕ್ಸಾಂಡರನ ಸೈನ್ಯ ಪರ್ಸೆಪೊಲಿಸ್ ಸುಟ್ಟಿದ್ದು ಕ್ರಿ.ಪೂ. 330ರಲ್ಲಿ. ಸಫವಿ ಮನೆತನದ ಶಾ ಇಸ್ಮಾಯಿಲ್ ತಬ್ರೀಜ್‌ನಲ್ಲಿ ಪಟ್ಟವೇರಿದ್ದು 1501ರಲ್ಲಿ. ನಡುವೆ ಹದಿನೆಂಟು ಶತಮಾನ ದಾಟಿವೆ. ಓದುವವನಿಗೆ ಡೇರಿಯಸನೂ ಸಫವಿ ದೊರೆ ಶಾ ಅಬ್ಬಾಸನೂ ತಂದೆ-ಮಗ ಇರಬೇಕು ಅನ್ನಿಸಿದರೆ ಅದು ಅವನ ತಪ್ಪಲ್ಲ. ಆ ಪುಟಗಳಲ್ಲಿ ಒಂದು ನಕ್ಷೆ ಹಾಕಿದ್ದರೆ ಸಾಕಿತ್ತು: ಇರಾನಿನ ಕಡೆಯ ಹೊರ್ಮುಜ್ ಬಂದರು, ಅಲ್ಲಿಂದ ಕೊಂಕಣದ ದಾಭೋಳ ಮತ್ತು ಗೋವೆ, ಘಟ್ಟ ಹತ್ತಿ ವಿಜಯಪುರ. ಕುದುರೆ, ಕವಿ, ಕಲ್ಲು ಕೊರೆಯುವ ಲಿಪಿಕಾರ, ಸಿಪಾಯಿ ಎಲ್ಲರೂ ಬಂದದ್ದು ಈ ದಾರಿಯಲ್ಲೇ. 1510ರಲ್ಲಿ ಪೋರ್ಚುಗೀಸರು ಗೋವೆ ಕಿತ್ತುಕೊಂಡಾಗ ಆದಿಲ್ ಶಾಹಿಗಳಿಗೆ ಅಷ್ಟು ನೋವಾದದ್ದು ಏಕೆ ಎಂಬುದು ಆ ನಕ್ಷೆ ನೋಡಿದರೆ ತಾನೇ ತಿಳಿಯುತ್ತದೆ.

ಗೋಳಗುಮ್ಮಟದ ಮುಂದಿನ ಹುಲ್ಲುಹಾಸಿನ ಮೇಲೆ ಗೈಡ್ ಮೊದಲ ಅರ್ಧ ತಾಸು ಇತಿಹಾಸ ಹೇಳುತ್ತಾರೆ. ಈ ಭಾಗ ಚೊಕ್ಕಟವಾಗಿದೆ. ಇಸ್ಮಾಯಿಲ್ ಗದ್ದುಗೆಗೆ ಬಂದೊಡನೆ ಹನ್ನೆರಡು ಇಮಾಮರ ಶಿಯಾ ಪಂಥವನ್ನು ರಾಜ್ಯದ ಧರ್ಮ ಎಂದು ಸಾರಿದ. ಅದಾಗಿ ಒಂದೆರಡು ವರ್ಷದಲ್ಲೇ ಆದಿಲ್ ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ವಿಜಯಪುರದಲ್ಲಿ ಶಿಯಾ ಪದ್ಧತಿಯ ಖುತ್ಬಾ, ಅಂದರೆ ಶುಕ್ರವಾರದ ಪ್ರವಚನ, ಓದಿಸಿದ. ಅವನ ಮಗ ಇಸ್ಮಾಯಿಲ್ ಆದಿಲ್ ಶಾಹನ ಕಾಲದಲ್ಲಿ, 1519ರಲ್ಲಿ, ಇರಾನಿನ ರಾಯಭಾರಿ ಇಲ್ಲಿಗೆ ಬಂದ. ಆ ಬಳಿಕ ಇಲ್ಲಿನ ಸೈನಿಕರು ಇರಾನಿನ ಕಿಜಿಲ್‌ಬಾಶ್ ದಂಡಿನವರ ಹಾಗೆ ಹನ್ನೆರಡು ಮಡಿಕೆಯ ಕೆಂಪು ಟೊಪ್ಪಿಗೆ ತೊಟ್ಟರು. ಮುಂದೆ 1534ರಲ್ಲಿ ಬಂದ ಒಂದನೇ ಇಬ್ರಾಹಿಂ ಇದನ್ನೆಲ್ಲ ತಿರುವಿಹಾಕಿದ. ಹೊರಗಿನಿಂದ ಬಂದ ಆಫಾಕಿಗಳನ್ನು ಕೆಲಸದಿಂದ ತೆಗೆದ, ದಖ್ಖನಿಗಳನ್ನು ಮುಂದೆ ತಂದ, ಲೆಕ್ಕಪತ್ರವನ್ನು ಫಾರಸಿಯಿಂದ ದೇಶೀ ಭಾಷೆಗೆ ಇಳಿಸಿದ. 1558ರಲ್ಲಿ ಅಲಿ ಬಂದು ಮತ್ತೆ ಹಳೆಯ ದಾರಿ ಹಿಡಿದ. ಇರಾನಿನ ನಂಟು ಒಂದೇ ಸಮನೆ ಹರಿದದ್ದಲ್ಲ, ದೊರೆ ಬದಲಾದಂತೆ ಏರಿಳಿದದ್ದು ಎಂಬುದನ್ನು ಗೈಡ್ ಬಿಡಿಸಿ ಹೇಳುತ್ತಾರೆ. ಊರಿನ ಬೇರೆ ಯಾವ ಗೈಡ್ ಬಾಯಲ್ಲೂ ಇದು ಸುಲಭಕ್ಕೆ ಸಿಗುವ ಮಾತಲ್ಲ.

ಎಡವುವುದು ಯೂಸುಫನ ಹುಟ್ಟಿನ ಕಥೆಯಲ್ಲಿ. ‘ತುರ್ಕಿಯ ಸುಲ್ತಾನ ಎರಡನೇ ಮುರಾದನ ಮಗ, ಅಣ್ಣ ಕೊಲ್ಲಿಸುತ್ತಾನೆಂದು ತಾಯಿ ಗುಟ್ಟಾಗಿ ಇರಾನಿಗೆ ಸಾಗಿಸಿದಳು’ ಎಂದು ಗೈಡ್ ನಿಜದ ಸಂಗತಿಯ ಧಾಟಿಯಲ್ಲೇ ಹೇಳುತ್ತಾರೆ. ಈ ಕಥೆ ಬಂದದ್ದು ಫಿರಿಶ್ತಾನಿಂದ. ಕ್ಯಾಸ್ಪಿಯನ್ ದಂಡೆಯ ಅಸ್ತರಾಬಾದಿನಲ್ಲಿ ಹುಟ್ಟಿ, ಅಹ್ಮದ್‌ನಗರದಲ್ಲಿ ಬೆಳೆದು, 1589ರಲ್ಲಿ ವಿಜಯಪುರಕ್ಕೆ ಬಂದ ಇತಿಹಾಸಕಾರ ಅವನು. ಅನ್ನ ಕೊಡುತ್ತಿದ್ದವನು ಎರಡನೇ ಇಬ್ರಾಹಿಂ. ದೊರೆಯ ಮುತ್ತಾತನ ತಂದೆಗೆ ತುರ್ಕಿಯ ಉಸ್ಮಾನಿ ರಕ್ತ ಅಂಟಿಸಿದರೆ ಯಾರಿಗೆ ಲಾಭ ಎಂದು ಕೇಳಿಕೊಂಡರೆ ಸಾಕು. ಅದೇ ದರ್ಬಾರಿನ ಇನ್ನೊಬ್ಬ ಇರಾನಿ, ರಫಿಉದ್ದೀನ್ ಶಿರಾಜಿ, ಯೂಸುಫನನ್ನು ಇರಾನಿನ ಸಾವೆ ಪಟ್ಟಣದ ಅಧಿಕಾರಿ ಮನೆತನಕ್ಕೆ ಸೇರಿಸುತ್ತಾನೆ. ಪೋರ್ಚುಗೀಸರು ಇವನನ್ನು ‘ಸಬಾಯೊ’ (ಸಾವೆಯವನು) ಎಂದು ಕರೆದದ್ದಕ್ಕೆ ಈ ಮಾತು ಹೆಚ್ಚು ಹೊಂದುತ್ತದೆ. ಎರಡೂ ಕಥೆ ಹೇಳಿ ಕೇಳುವವರಿಗೆ ಬಿಟ್ಟಿದ್ದರೆ ಗೈಡ್‌ಗೆ ಗೌರವ ಹೆಚ್ಚುತ್ತಿತ್ತು.

ಇನ್ನು ಗೋಳಗುಮ್ಮಟ. ಮುಂಜಾನೆ 6ಕ್ಕೇ ಒಳಗೆ ಕರೆದೊಯ್ಯುವುದು ಜಾಣತನ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತೊಂದನ್ನು ಬಿಟ್ಟು ಉಳಿದೆಲ್ಲ ಕೇಳುತ್ತದೆ. ಹತ್ತುವುದು ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಕಿರಿದಾದ ಪಾವಟಿಗೆಗಳಲ್ಲಿ. ಕೆಲವು ಪಾವಟಿಗೆ ಮೊಣಕಾಲೆತ್ತರ ಇವೆ. ಮಂಡಿನೋವಿನವರು ಕೆಳಗೆ ಉಳಿಯುವುದೇ ಲೇಸು, ಅಂಥವರಿಗೆ ಹೇಳಲು ಕೆಳಗೊಬ್ಬ ಗೈಡ್ ಇರುವುದಿಲ್ಲ. ಇದು ಕೊರತೆ.

‘ಜಗತ್ತಿನ ಎರಡನೇ ದೊಡ್ಡ ಗುಮ್ಮಟ’ ಎಂಬ ಹಳೇ ಪಲ್ಲವಿ ಇಲ್ಲೂ ಕೇಳಿಬರುತ್ತದೆ. ವ್ಯಾಸದ ಲೆಕ್ಕದಲ್ಲಿ ಇದು ನಿಲ್ಲದು. ಗೋಳಗುಮ್ಮಟದ ಒಳವ್ಯಾಸ ಸುಮಾರು 37.9 ಮೀಟರ್. ರೋಮಿನ ಪ್ಯಾಂಥಿಯನ್ 43.3, ಅಲ್ಲೇ ಇರುವ ಸೇಂಟ್ ಪೀಟರ್ ಚರ್ಚು 41.5, ಫ್ಲಾರೆನ್ಸಿನ ಗುಮ್ಮಟವೂ ಇದಕ್ಕಿಂತ ಅಗಲ. ಆದರೆ ನಿಜವಾದ ಹೆಗ್ಗಳಿಕೆ ಬೇರೆ ಇದೆ, ಅದನ್ನು ಹೇಳುವುದಿಲ್ಲ! ಪ್ಯಾಂಥಿಯನ್ ಗುಮ್ಮಟದ ಕೆಳಗಿನ ನೆಲ ಸುಮಾರು 1,470 ಚದರ ಮೀಟರ್. ಅದಕ್ಕಿಂತ ಐದು ಮೀಟರ್ ಕಿರಿದಾದ ಗೋಳಗುಮ್ಮಟದ ಕೆಳಗಿನ ನೆಲ 1,700 ಚದರ ಮೀಟರ್. ಗುಟ್ಟು ಇರುವುದು ಕಮಾನುಗಳಲ್ಲಿ. ಸಭಾಂಗಣ ಚೌಕ, ಒಂದೊಂದು ಬದಿ 41 ಮೀಟರ್. ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದರೊಳಗೊಂದು ಹಾಯ್ದು, ಓರೆಯಾಗಿ ಇಟ್ಟ ಎರಡು ಚೌಕಗಳ ಆಕಾರ ತಾಳುತ್ತವೆ. ಹೀಗೆ ಹಾಯುತ್ತ ಅವು ಒಳಕ್ಕೆ ಬಾಗಿ ಚೌಕವನ್ನು ವರ್ತುಲಕ್ಕೆ ಇಳಿಸುತ್ತವೆ. ಗುಮ್ಮಟ ನಿಂತಿರುವುದು ಗೋಡೆಯ ನೆತ್ತಿಯ ಮೇಲಲ್ಲ, ಈ ಕಮಾನುಗಳ ಹೆಣಿಗೆಯ ಮೇಲೆ. ಹೀಗೆ ಒಳಕ್ಕೆ ಚಾಚಿದ ಗಾರೆ-ಕಲ್ಲಿನ ಭಾರ ಗುಮ್ಮಟ ಹೊರಕ್ಕೆ ತಳ್ಳುವ ಒತ್ತಡವನ್ನು ಎದುರು ಎಳೆದು ಹಿಡಿಯುತ್ತದೆ. ಗ್ಯಾಲರಿಯ ಅಗಲವೂ ಇದೇ ಜಾಗದಿಂದ ಸಿಕ್ಕಿದ್ದು.

ಹಾಯುವ ಕಮಾನಿನ ಈ ಉಪಾಯದ ಬೇರು ಇರಾನಿನ ಈಶಾನ್ಯದ ಖುರಾಸಾನಿನಲ್ಲಿದೆ. ಅಲ್ಲಿನ ಖರ್ಗಿರ್ದ್ ಊರಿನ ಮದರಸಾದಲ್ಲಿ, 1440ರ ದಶಕದಲ್ಲೇ, ತೈಮೂರನ ವಂಶದವರ ಆಳ್ವಿಕೆಯ ಮೇಸ್ತ್ರಿಗಳು ಇದನ್ನು ಇಟ್ಟಿಗೆಯಲ್ಲಿ ಮಾಡಿದ್ದರು. ಕೈಪುಸ್ತಕ ಇಷ್ಟರ ಮಟ್ಟಿಗೆ ಸರಿ. ಆದರೆ ‘ಇಸ್ಫಹಾನಿನ ಶಾ ಮಸೀದಿಯ ಗುಮ್ಮಟದ ಮಾದರಿಯಲ್ಲಿ ಗೋಳಗುಮ್ಮಟ ಕಟ್ಟಲಾಯಿತು’ ಎಂದು ಬರೆದಿರುವುದನ್ನು ಹೊಡೆದುಹಾಕಬೇಕು. 1611ರಲ್ಲಿ ಶುರುವಾದ ಶಾ ಮಸೀದಿಯದು ಇಮ್ಮಡಿ ಚಿಪ್ಪಿನ ಗುಮ್ಮಟ. ಹೊರಗಿನ ಉಬ್ಬು ದೂರದಿಂದ ನೋಡುವವರಿಗೆ, ಅದರ ಎತ್ತರ 50 ಮೀಟರ್ ದಾಟುತ್ತದೆ. ಒಳಗಿನ ಚಿಪ್ಪು 38 ಮೀಟರಿಗೇ ಮುಗಿಯುತ್ತದೆ, ನಡುವೆ ಖಾಲಿ ಜಾಗ. ಗೋಳಗುಮ್ಮಟದ್ದು ಒಂದೇ ಚಿಪ್ಪು, ಬುಡದಲ್ಲಿ ಸುಮಾರು 3 ಮೀಟರ್ ದಪ್ಪ, ಇಟ್ಟಿಗೆ ಮತ್ತು ಸುಣ್ಣದ ಗಾರೆ. ಎರಡೂ ಕಡೆ ಮಾರ್ದನಿ ಕೇಳುತ್ತದೆ. ಶಾ ಮಸೀದಿಯಲ್ಲಿ ಗುಮ್ಮಟದ ನಡುಮಧ್ಯಕ್ಕೆ ಸರಿಯಾಗಿ ಕೆಳಗೆ ನಿಂತು ಕಾಲು ಬಡಿಯಬೇಕು, ದನಿ ಮೇಲಕ್ಕೆ ಹೋಗಿ ಅಲ್ಲಿಗೇ ಇಳಿಯುತ್ತದೆ. ಇಲ್ಲಿ ಗ್ಯಾಲರಿಯ ಗೋಡೆಗೆ ಬಾಯಿಟ್ಟು ಮಾತಾಡಬೇಕು, ದನಿ ಗೋಡೆಯ ಬಾಗನ್ನೇ ಹಿಡಿದು ಆಚೆ ಬದಿಗೆ ಜಾರುತ್ತದೆ. ಗೈಡ್ ನಡುವೆ ಕೈಚಾಚಿ ಚಪ್ಪಾಳೆ ತಟ್ಟಿ ತೋರಿಸುವುದಕ್ಕಿಂತ, ಇಬ್ಬರನ್ನು ಎದುರಾಬದುರಾ ಗೋಡೆಗೆ ಮುಖ ಮಾಡಿ ಕೂರಿಸಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ಇಷ್ಟಕ್ಕೆ ಎರಡು ತಾಸು. ಆಮೇಲೆ ನಕ್ಕಾರಖಾನೆಯ (ನಗಾರಿಮನೆಯ) ಮ್ಯೂಸಿಯಂ ತೆರೆಯುವವರೆಗೆ ಚಹಾ ಕುಡಿಯುತ್ತ ಕಾಯುವುದು. ಮ್ಯೂಸಿಯಂ ಒಳಗೆ ಅಸರ್ ಮಹಲಿನಿಂದ ತಂದ ಹಳೆಯ ರತ್ನಗಂಬಳಿಗಳಿವೆ, ಶಾಸನಗಳಿವೆ, ಹಸ್ತಪ್ರತಿಗಳಿವೆ. ಗಂಬಳಿಯ ಮುಂದೆ ‘ಗಂಟು ನೋಡಿ, ಇದು ಇರಾನಿನದೇ’ ಎಂಬ ಮಾತು ಬರುತ್ತದೆ. ಗಂಟು ನೋಡಿ ಹಾಗೆ ಹೇಳಲಾಗದು. ನೂಲಿನ ಒಂದು ಎಳೆಗೆ ಪೂರ್ತಿ ಸುತ್ತಿ ಇನ್ನೊಂದರ ಹಿಂದಿನಿಂದ ಬಿಡುವ ಅಸಮ ಗಂಟನ್ನು ಇರಾನಿನವರೂ ಹಾಕಿದ್ದಾರೆ, ಭಾರತದ ನೇಕಾರರೂ ಹಾಕಿದ್ದಾರೆ. ಬಣ್ಣ, ಉಣ್ಣೆ, ಹೂಬಳ್ಳಿಯ ನಡೆ ಎಲ್ಲ ಸೇರಿಸಿ ನೋಡಬೇಕು. ಕೈಪುಸ್ತಕದಲ್ಲಿ ಹಾಕಿರುವ ಅರ್ದಬಿಲ್ ಗಂಬಳಿಯ ಚಿತ್ರ ಮಾತ್ರ ಒಳ್ಳೆಯ ಆಯ್ಕೆ. 1539-40ರ ತಾರೀಖು ನೇಯ್ದಿರುವ ಆ ಗಂಬಳಿಯಲ್ಲಿ ಚದರ ಅಂಗುಲಕ್ಕೆ ಸುಮಾರು 340 ಗಂಟುಗಳಿವೆ.

ಮ್ಯೂಸಿಯಂ ಅಂಗಳದಲ್ಲಿ ಕೈಯಿಂದ ಕೈಗೆ ದಾಟಿಸುವ ಒಂದು ಹೆಂಚು ಈ ನಡಿಗೆಯಲ್ಲೇ ಅತ್ಯುತ್ತಮ ಪಾಠ. ಇಸ್ಫಹಾನಿನ ಶೈಲಿಯಲ್ಲಿ ಈಗ ಮಾಡಿದ ನಕಲು, ಅಂಗೈ ಅಗಲ. ನೀಲಿ, ಹಳದಿ, ಹಸಿರು, ಬಿಳಿ ಒಂದೇ ಹೆಂಚಿನ ಮೇಲಿವೆ. ಬಣ್ಣ ಬಣ್ಣದ ನಡುವೆ ಕೂದಲೆಳೆಯಂಥ ಕಪ್ಪು ಗೆರೆ. ಬೆರಳಾಡಿಸಿದರೆ ಗೆರೆ ಇರುವಲ್ಲಿ ಹೊಳಪಿಲ್ಲ, ತುಸು ತಗ್ಗು. ಆ ಗೆರೆ ಜಿಡ್ಡು ಬೆರೆಸಿದ ಮ್ಯಾಂಗನೀಸಿನದು. ಒಲೆಯಲ್ಲಿ ಬಣ್ಣಗಳು ಕರಗಿದಾಗ ಒಂದರೊಳಗೊಂದು ಹರಿಯದಂತೆ ತಡೆಯುವುದು ಅದರ ಕೆಲಸ. ಇದಕ್ಕೂ ಹಿಂದಿನ ಪದ್ಧತಿಯಲ್ಲಿ ಒಂದೊಂದು ಬಣ್ಣದ ಹೆಂಚನ್ನು ಬೇರೆ ಬೇರೆ ಸುಟ್ಟು, ಚೂರು ಕತ್ತರಿಸಿ, ಜೋಡಿಸುತ್ತಿದ್ದರು. ಬಣ್ಣ ಆಳವಾಗಿ ಬರುತ್ತಿತ್ತು, ಕೆಲಸ ಮಾತ್ರ ವರ್ಷಗಟ್ಟಲೆ. 1598ರಲ್ಲಿ ರಾಜಧಾನಿಯನ್ನು ಇಸ್ಫಹಾನಿಗೆ ತಂದು 560 ಮೀಟರ್ ಉದ್ದ, 160 ಮೀಟರ್ ಅಗಲದ ಚೌಕ ಹಾಕಿಸಿದ ಶಾ ಅಬ್ಬಾಸನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಹಾಗಾಗಿ ಶಾ ಮಸೀದಿಯ ಮಹಾದ್ವಾರ ಮಾತ್ರ ಚೂರು ಜೋಡಿಸಿದ ಕೆಲಸ, ಒಳಗಿನ ಬಹುಪಾಲು ಗೋಡೆ ಈ ಬೇಗನೆ ಮುಗಿಯುವ ‘ಏಳು ಬಣ್ಣದ’ ಹೆಂಚು.

ವಿಜಯಪುರದಲ್ಲಿ ಇಂಥ ಹೆಂಚು ಏಕೆ ಕಾಣುವುದಿಲ್ಲ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಇಲ್ಲಿ ಕೈಗೆ ಸಿಕ್ಕಿದ್ದು ಕಪ್ಪುಗಲ್ಲು, ಕೈ ಪಳಗಿದ್ದು ಕಲ್ಲು ಕೆತ್ತನೆಯಲ್ಲಿ ಮತ್ತು ಗಚ್ಚಿನ ಕೆಲಸದಲ್ಲಿ. ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ 1472ರಲ್ಲೇ ಬಣ್ಣದ ಹೆಂಚು ಹೊದಿಸಿದ್ದರು, ಈಗ ಅಲ್ಲಿ ಉಳಿದಿರುವುದು ತುಣುಕು ತುಣುಕು. ಗೈಡ್ ಈ ಉತ್ತರ ಕೊಟ್ಟು, ನೇರ ಎರಡನೇ ಇಬ್ರಾಹಿಮನ ಗೋರಿಯಾದ ಇಬ್ರಾಹಿಂ ರೋಜಾದ ಅಕ್ಷರಗಳತ್ತ ಬೆರಳು ತೋರಿದರೆ ಪಾಠ ಪೂರ್ತಿಯಾಗುತ್ತದೆ. ಅದನ್ನು ಮಧ್ಯಾಹ್ನದವರೆಗೆ ಮುಂದೂಡುವುದರಿಂದ ಎಳೆ ತಪ್ಪುತ್ತದೆ.

ಜುಮ್ಮಾ ಮಸೀದಿಗೆ ಮುಕ್ಕಾಲು ತಾಸು ಕೊಡುತ್ತಾರೆ, ಸರಿಯಾಗಿದೆ. ಒಂಬತ್ತು ಸಾಲು, ಐದು ಅಂಕಣ, ಒಟ್ಟು ನಲವತ್ತೈದು ಕೋಣೆಗಳ ನಡುವೆ ದೊಡ್ಡ ಗುಮ್ಮಟ. ಅದನ್ನು ಎತ್ತಿರುವುದೂ ಹಾಯುವ ಕಮಾನುಗಳೇ. ಗೋಳಗುಮ್ಮಟಕ್ಕಿಂತ ಮುಂಚೆ ಇದನ್ನು ನೋಡಿದರೆ ಮೇಸ್ತ್ರಿಗಳು ಸಣ್ಣದರಲ್ಲಿ ಕಲಿತದ್ದನ್ನು ದೊಡ್ಡದರಲ್ಲಿ ಮಾಡಿದರೆಂದು ಅರ್ಥವಾಗುತ್ತದೆ. ಮಿಹ್ರಾಬಿನ, ಅಂದರೆ ನಮಾಜಿನ ದಿಕ್ಕು ತೋರುವ ಗೋಡೆಗೂಡಿನ, ಮುಂದೆ ನಿಂತಾಗ ಚಿನ್ನದ ಬಣ್ಣಕ್ಕೆ ಮಾರುಹೋಗಿ ಫೋಟೊ ಹೊಡೆಯುವವರೇ ಹೆಚ್ಚು. ಸ್ವಲ್ಪ ಹೊತ್ತು ನಿಂತು ನೋಡಬೇಕು. ಗೋಡೆಯಲ್ಲಿ ಗೂಡುಗಳಿವೆ, ಗೂಡಿನಲ್ಲಿ ಪುಸ್ತಕಗಳಿವೆ, ಹೂದಾನಿಗಳಿವೆ, ಸರಪಳಿಗೆ ತೂಗುವ ಧೂಪದ ಪಾತ್ರೆಗಳಿವೆ. ಬಹಳಷ್ಟು ಬರೀ ಬಣ್ಣದಲ್ಲಿ ಬರೆದ ಭ್ರಮೆ. ಮಹಮದ್ ಆದಿಲ್ ಶಾಹನ ಸೇವಕ ಮಲಿಕ್ ಯಾಕೂತ್ 1636ರಲ್ಲಿ ಮಾಡಿಸಿದ ಕೆಲಸವೆಂದು ಅಲ್ಲೇ ಬರೆದಿದೆ. ಇಸ್ಫಹಾನಿನ ಅಲಿ ಕಾಪು ಅರಮನೆಯ ಮೇಲಂತಸ್ತಿನ ಸಂಗೀತದ ಕೋಣೆಯಲ್ಲಿ ಹೂಜಿ, ಹೂದಾನಿ ಆಕಾರದ ಗೂಡುಗಳನ್ನು ಗಾರೆಯಲ್ಲಿ ಕೊರೆದಿದ್ದಾರೆ. ಆಸೆ ಒಂದೇ, ಮಾಡಿದ ಬಗೆ ಬೇರೆ. ಕೈಪುಸ್ತಕದಲ್ಲಿ ಆ ಕೋಣೆಯ ಚಿತ್ರ ಇದೆ, ಆದರೆ ಬೇರೆ ಪುಟದಲ್ಲಿ, ಊಟದ ವಿವರದ ಪಕ್ಕ! ಮಿಹ್ರಾಬಿಗೆ ಫ್ಲ್ಯಾಶ್ ಹಾಕಬೇಡಿ. ಗಿಲೀಟು ಬಿಳಿಚಿ ಚಿತ್ರದಲ್ಲಿ ಏನೂ ಉಳಿಯದು.

ಅಲ್ಲಿಂದ ಅಸರ್ ಮಹಲ್. ವ್ಯಾನ್ ತಲುಪುವಾಗ ನಡುಮಧ್ಯಾಹ್ನ. ಕಾಲು ತಾಸು ಕೊಟ್ಟು ‘ಊಟಕ್ಕೆ ಹೊತ್ತಾಯಿತು’ ಎಂದು ಎಬ್ಬಿಸುತ್ತಾರೆ. ಇಡೀ ನಡಿಗೆಯ ದೊಡ್ಡ ತಪ್ಪು ಇದು.

ಮಹಮದ್ ಆದಿಲ್ ಶಾಹ 1646ರ ಸುಮಾರಿಗೆ ನ್ಯಾಯದಾನಕ್ಕೆಂದು ಕಟ್ಟಿಸಿದ ಕಟ್ಟಡ ಇದು. ಪೂರ್ವಕ್ಕೆ ಗೋಡೆಯೇ ಇಲ್ಲ. ಎರಡಂತಸ್ತಿನೆತ್ತರದ ನಾಲ್ಕು ಮರದ ಕಂಬ, ಅವುಗಳ ಮೇಲೆ ಮರದ ಛಾವಣಿ, ಮುಂದೆ ಚೌಕನೆಯ ಹೊಂಡ. ಕಮಾನು-ಗುಮ್ಮಟಗಳ ಊರಿನಲ್ಲಿ ಇಂಥ ಕಟ್ಟಡ ಇನ್ನೊಂದಿಲ್ಲ. ಈಗ ಇಸ್ಫಹಾನಿನ ಚೆಹೆಲ್ ಸೊತೂನ್ ನೋಡಿ. ಮುಂಭಾಗ ತೆರೆದ ಎತ್ತರದ ಮೊಗಸಾಲೆ, ಮರದ ಕಂಬ, ಎದುರು ಉದ್ದನೆಯ ಕೊಳ. ಕಂಬ ಇಪ್ಪತ್ತು, ನೀರಿನಲ್ಲಿ ಬಿದ್ದ ನೆರಳೂ ಸೇರಿ ನಲವತ್ತು ಎಂದು ಅಲ್ಲಿನವರ ಮಾತು. ಒಳಗೋಡೆಯಲ್ಲಿ ಸಫವಿ ದೊರೆ ಶಾ ತಹ್ಮಾಸ್ಪ್ ನಮ್ಮ ಹುಮಾಯೂನನಿಗೆ ಆತಿಥ್ಯ ಕೊಡುತ್ತಿರುವ ದೊಡ್ಡ ಚಿತ್ರವೂ ಇದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಯಾರಿಗಾದರೂ ಒಂದೇ ಕುಲದವು ಅನ್ನಿಸುತ್ತದೆ.

ಕೈಪುಸ್ತಕ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ‘ಚೆಹೆಲ್ ಸೊತೂನಿನ ನಕಲು’ ಎಂದುಬಿಡುತ್ತದೆ. ತಾರೀಖು ಒಪ್ಪುವುದಿಲ್ಲ. ಚೆಹೆಲ್ ಸೊತೂನ್ ಮುಗಿದದ್ದು 1647ರಲ್ಲಿ, ಎರಡನೇ ಶಾ ಅಬ್ಬಾಸನ ಕಾಲದಲ್ಲಿ. ಮುಗಿಯದ ಕಟ್ಟಡವನ್ನು ಸಮುದ್ರದಾಚೆ ಕೂತು ನಕಲು ಮಾಡುವುದು ಹೇಗೆ? ಕಂಬದ ಮೊಗಸಾಲೆಯ ರೂಢಿ ಇರಾನಿನಲ್ಲಿ ಮೊದಲೇ ಇತ್ತು. ಅಲಿ ಕಾಪುವಿಗೂ ಅದೇ 1640ರ ದಶಕದಲ್ಲಿ ಇಂಥದೊಂದು ಮೊಗಸಾಲೆ ಸೇರಿತು. ದಖ್ಖನಿನಲ್ಲೂ ಮರಗೆಲಸದ ಕೈಗಳಿಗೆ ಕೊರತೆ ಇರಲಿಲ್ಲ, ಬೀದರಿನ ರಂಗೀನ್ ಮಹಲಿನ ಕೆತ್ತಿದ ಮರದ ಕಂಬಗಳು ಅದಕ್ಕೂ ಸುಮಾರು ನೂರು ವರ್ಷ ಹಿಂದಿನವು. ಒಂದೇ ರುಚಿಯ ಎರಡು ದರ್ಬಾರುಗಳು ಒಂದೇ ಹೊತ್ತಿಗೆ ಒಂದೇ ಬಗೆಯ ಕಟ್ಟಡ ಎಬ್ಬಿಸಿದವು. ನಕಲು ಎನ್ನುವುದಕ್ಕಿಂತ ಇದು ದೊಡ್ಡ ಸಂಗತಿ.

ಹೊತ್ತಿನ ಮಾತೂ ಇದೆ. ತೆರೆದ ಮುಖ ಪೂರ್ವಕ್ಕಿರುವುದರಿಂದ ಬಿಸಿಲು ಮೊಗಸಾಲೆಯೊಳಗೆ ಬರುವುದು ಮುಂಜಾನೆ ಮಾತ್ರ. ಆಗ ಕಂಬದ ಬುಡದಿಂದ ಛಾವಣಿಯ ಪಟ್ಟಿಗಳವರೆಗೆ ಎಲ್ಲ ಬಿಡಿಸಿ ಕಾಣುತ್ತದೆ. ನಡುಮಧ್ಯಾಹ್ನ ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ. ಬುಕ್ ಮಾಡುವಾಗಲೇ ‘ಗುಮ್ಮಟ ಆದ ಕೂಡಲೇ, ಎಂಟಕ್ಕೆ, ಅಸರ್ ಮಹಲ್’ ಎಂದು ಹೇಳಿ ಒಪ್ಪಿಸಿ. ದೂರ ಹೆಚ್ಚಿಲ್ಲ, ಹೇಗೂ ಮ್ಯೂಸಿಯಂ ತೆರೆಯಲು ಕಾಯುವ ಹೊತ್ತು ಅದು. ಇನ್ನೊಂದು ವಿಷಯವನ್ನು ಮೊದಲೇ ತಿಳಿಸುವುದಿಲ್ಲ: ಮುಂದೆ ಇಲ್ಲಿ ಪ್ರವಾದಿಯವರ ಕೇಶದ ಅವಶೇಷ ಇರಿಸಿದ್ದರಿಂದ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಮೇಲಂತಸ್ತಿನ ಹೂದಾನಿ, ಬಳ್ಳಿಗಳ ಗೋಡೆಚಿತ್ರ ನೋಡಬಹುದೆಂದು ಕೈಪುಸ್ತಕ ಓದಿ ಬಂದವರಿಗೆ ಬಾಗಿಲಲ್ಲಿ ನಿಂತು ಇದನ್ನು ಹೇಳುವುದು ಸರಿಯಲ್ಲ.

ಊಟದ ಬಗ್ಗೆ ಎರಡೇ ಮಾತು. ‘ಪರ್ಷಿಯನ್ ಬಿರಿಯಾನಿ’ ಎಂಬ ಆಯ್ಕೆ ಇದೆ, ಅದರಲ್ಲಿ ಟೊಮ್ಯಾಟೊ, ಹಸಿಮೆಣಸು ಎರಡೂ ಧಾರಾಳ. ಅಮೆರಿಕದ ಈ ಎರಡು ಸಾಮಾನು ಶಾ ಅಬ್ಬಾಸನ ಅಡುಗೆಮನೆಯಲ್ಲಿ ಇರಲಿಲ್ಲ. ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕೇಳಿ ಪಡೆಯಿರಿ. ಬಿಸಿ ಇರುತ್ತದೆ, ಯಾವ ಸಾಮ್ರಾಜ್ಯದ ಹೆಸರೂ ಹೇಳಿಕೊಳ್ಳುವುದಿಲ್ಲ.

ಇಬ್ರಾಹಿಂ ರೋಜಾಕ್ಕೆ ಒಂದು ತಾಸು. ಎರಡನೇ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾ ಕಟ್ಟಿಸಿದ್ದೆಂದೂ ಮಲಿಕ್ ಸಂದಲ್ ನಿಂತು ಮಾಡಿಸಿದನೆಂದೂ ಶಾಸನಗಳು ಹೇಳುತ್ತವೆ, ಮುಗಿದ ವರ್ಷ 1626. ಕಿಟಕಿಯ ಜಾಲಂದ್ರವೇ ಅಕ್ಷರ. ಕಲ್ಲಿನ ಹಲಗೆಯಲ್ಲಿ ಅಕ್ಷರದ ಸುತ್ತಲಿನ ಜಾಗ ಕೊರೆದು ತೆಗೆದು ಬೆಳಕು ಬರುವಂತೆ ಮಾಡಿದ್ದಾರೆ. ಇರಾನಿನ ಲಿಪಿಕಾರರು ಹೆಂಚಿನ ಮೇಲೆ ಬಿಳಿಯಲ್ಲಿ ಬರೆದದ್ದನ್ನು ಇಲ್ಲಿ ಬೆಳಕಿನಲ್ಲಿ ಬರೆದಿದ್ದಾರೆ. ಗೈಡ್ ಕೊಡುವ ಅಕ್ಷರಗಳ ಚೀಟಿ ಉಪಯುಕ್ತ, ಆದರೆ ಒಂದೇ ಅಳತೆಗೆ ಇಳಿಸಿ ಮುದ್ರಿಸಿದ್ದರಿಂದ ಬಾಗಿಲ ಮೇಲಿನದು ಯಾವುದು, ಕಿಟಕಿಯದು ಯಾವುದು ಗೊತ್ತಾಗುವುದಿಲ್ಲ. ಒಳಕೋಣೆಯ ಸಪಾಟು ಕಲ್ಲಿನ ಛಾವಣಿಯನ್ನು ಮರೆಯದೆ ನೋಡಿ. ಸುಮಾರು 12 ಮೀಟರ್ ಚೌಕದ ಕೋಣೆಗೆ ನಡುವೆ ಆಸರೆಯೇ ಕಾಣದಂತೆ ಕಲ್ಲುಹಲಗೆ ಜೋಡಿಸಿದ್ದಾರೆ. ಹಿಡಿದಿರುವುದು ಗಾರೆಯ ಬಲ. ಇಸ್ಫಹಾನಿನಲ್ಲಿ ಇಂಥದ್ದನ್ನು ಹುಡುಕಬೇಡಿ, ಇದು ಪೂರ್ತಿ ದಖ್ಖನಿ ಕೈ.

ನೆರಳಿನಲ್ಲಿ ಕೂರಿಸಿ ಕವಿಗಳ ವಿಷಯ ಹೇಳುವುದು ಇಲ್ಲೇ. ಇರಾನಿನ ತುರ್ಶೀಜಿನ ಜುಹೂರಿ, ಅಲ್ಲಿನದೇ ಕುಮ್ ಊರಿನ ಮಲಿಕ್ ಕುಮಿ. ಇಬ್ಬರೂ ಅಹ್ಮದ್‌ನಗರದಿಂದ ಇಬ್ರಾಹಿಮನ ಆಸ್ಥಾನಕ್ಕೆ ಬಂದವರು, ಮಲಿಕ್ ಮಾವ, ಜುಹೂರಿ ಅಳಿಯ, ಇಬ್ಬರೂ ತೀರಿಕೊಂಡದ್ದು 1616ರಲ್ಲಿ. ತಹ್ಮಾಸ್ಪ್ ವಯಸ್ಸಾದಂತೆ ಮದ್ಯ, ಚಿತ್ರ, ಕವಿತೆ ಎಲ್ಲದರಿಂದ ಕೈತೊಳೆದುಕೊಂಡದ್ದು, ದಖ್ಖನಿನಲ್ಲಿ ಹೊನ್ನು ಸಿಗುತ್ತಿದ್ದದ್ದು, ಎರಡೂ ಸೇರಿ ಇಂಥವರನ್ನು ಹಡಗು ಹತ್ತಿಸಿದವು. ಲಾರಿ ನಾಣ್ಯದ ಫೋಟೊ ತೋರಿಸುತ್ತಾರೆ. ಐದು ಗ್ರಾಂಗೆ ತುಸು ಕಡಿಮೆ ತೂಕದ ಬೆಳ್ಳಿ ತಂತಿಯನ್ನು ನಡುವೆ ಮಡಿಸಿ ಒತ್ತಿದ ಮುದ್ರೆ, ಹೇರ್‌ಪಿನ್ ಥರ. ಇರಾನಿನ ಲಾರ್ ಪಟ್ಟಣದ ಹೆಸರಿನ ಈ ನಾಣ್ಯವನ್ನು ಎರಡನೇ ಅಲಿ ಆದಿಲ್ ಶಾಹ ತನ್ನ ಹೆಸರಲ್ಲೂ ಹಾಕಿಸಿದ. ವ್ಯಾಪಾರಿಗೆ ನಂಬಿಕೆ ಇದ್ದದ್ದು ಆಕಾರದ ಮೇಲೆ, ಆಕಾರ ಬದಲಿಸುವ ಧೈರ್ಯ ಯಾರಿಗೆ?

ಕೊನೆಯ ನಿಲುಗಡೆ ತೊರವಿ, ಪೇಟೆಯಿಂದ ಪಶ್ಚಿಮಕ್ಕೆ. ಎರಡನೇ ಇಬ್ರಾಹಿಂ 1599ರಲ್ಲಿ ನೌರಸಪುರವೆಂಬ ಹೊಸ ಊರು ಕಟ್ಟಲು ಹೊರಟದ್ದು ಇಲ್ಲಿ, 1624ರಲ್ಲಿ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರ್ ಕೊಳ್ಳೆಹೊಡೆದದ್ದೂ ಇದನ್ನೇ. ಸಂಗೀತ ಮಹಲಿನ ಮುಂದೆ ಐದು ನಿಮಿಷ ನಿಂತು, ಕರೇಜ್ ಬಗೆಯ ನೀರಿನ ಸುರಂಗವಾದ ಸುರಂಗ ಬಾವಡಿಗೆ ಹೋಗುತ್ತಾರೆ. ಇಲ್ಲಿಯ ವಿವರಣೆಗೆ ಪೂರ್ತಿ ಅಂಕ.

ನೆಲದಡಿಯ ನೀರನ್ನು ಎತ್ತದೆಯೇ ಹರಿಸಿ ತರುವ ಕರೇಜ್ ಅಥವಾ ಕನಾತ್ ಇರಾನಿನ ಬಹಳ ಹಳೆಯ ವಿದ್ಯೆ. ಗೊನಾಬಾದ್ ಊರಿನ ಕನಾತಿನ ಉದ್ದ 33 ಕಿಲೋಮೀಟರ್, ಅದರ ತಾಯಿಬಾವಿಯ ಆಳ 300 ಮೀಟರಿಗೂ ಹೆಚ್ಚು. ಇಂಥ ಹನ್ನೊಂದು ಕನಾತುಗಳು 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಕೆಲಸ ಹೀಗೆ: ಎತ್ತರದ ಜಾಗದಲ್ಲಿ ನೀರಿನ ಮಟ್ಟ ಮುಟ್ಟುವವರೆಗೆ ತಾಯಿಬಾವಿ ತೋಡುವುದು. ಊರಿನ ಕಡೆಯಿಂದ ಅದರತ್ತ ಸುರಂಗ ಕೊರೆಯುತ್ತ ಹೋಗುವುದು. ದಾರಿಯುದ್ದಕ್ಕೂ ಮೇಲಿಂದ ಕಂಡಿ ಇಳಿಸಬೇಕು, ಮಣ್ಣು ಎತ್ತಲು ಮತ್ತು ಒಳಗಿನವನಿಗೆ ಗಾಳಿ ಆಡಲು. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆದು ಕುಸಿಯುತ್ತದೆ. ಕಡಿಮೆಯಾದರೆ ಹೂಳು ಕೂರುತ್ತದೆ. ಕಂಡಿಗಳ ಬಾಯಿ ಮುಚ್ಚಿ ಮನೆ ಕಟ್ಟಿದರೆ ಹೂಳೆತ್ತಲು ದಾರಿಯೇ ಇಲ್ಲ, ಕರೇಜ್ ಸಾಯುವುದು ಬಹುತೇಕ ಹೀಗೆ. ಗೈಡ್ ಕಡ್ಡಿ ಹಿಡಿದು ಮಣ್ಣಿನಲ್ಲಿ ಇದನ್ನೆಲ್ಲ ಗೀಚಿ ತೋರಿಸುತ್ತಾರೆ. ಪುಟಗಟ್ಟಲೆ ಬಣ್ಣದ ಚಿತ್ರಕ್ಕಿಂತ ಆ ಗೀಚು ಮೇಲು.

ಬೇಗಂ ತಾಲಾಬಿನ ವ್ಯವಸ್ಥೆಯನ್ನು ಇದರ ಜೊತೆ ಕಲಸುವುದೊಂದು ತಪ್ಪು. 1651ರ ಆ ಕೆರೆಯಿಂದ ಊರಿಗೆ ನೀರು ಬಂದದ್ದು ಗಾರೆಯಲ್ಲಿ ಹುಗಿದ ಮಣ್ಣಿನ ಕೊಳವೆಗಳಲ್ಲಿ. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರ. ನೀರು ಅದರಲ್ಲಿ ಏರಿ ಇಳಿಯುವಾಗ ಒತ್ತಡ ಮುರಿಯುತ್ತದೆ, ಗಾಳಿ ಹೊರಹೋಗುತ್ತದೆ, ಕೆಸರು ತಳಕ್ಕೆ ಕೂರುತ್ತದೆ. ಗಂಜ್ ಇಲ್ಲದಿದ್ದರೆ ಮಣ್ಣಿನ ಕೊಳವೆ ಒತ್ತಡಕ್ಕೆ ಒಡೆಯುತ್ತಿತ್ತು. ಪೇಟೆಯಲ್ಲಿ ಈಗಲೂ ಕೆಲವು ನಿಂತಿವೆ, ವ್ಯಾನ್ ಪಕ್ಕದಲ್ಲೇ ಹಾದುಹೋಗುತ್ತದೆ, ನಿಲ್ಲಿಸಲು ಕೇಳಿ. ಅಸರ್ ಮಹಲಿನ ಮುಂದಿನ ಹೊಂಡಕ್ಕೂ ನೀರು ಬಂದದ್ದು ಇದೇ ಬೇಗಂ ತಾಲಾಬಿನಿಂದ. ಮುಂಜಾನೆ ಮಹಲನ್ನೂ ಸಂಜೆ ಈ ಗಂಜನ್ನೂ ನೋಡಿದವರಿಗೆ ಆ ಹೊಂಡ ಬರೀ ಅಲಂಕಾರವಾಗಿ ಉಳಿಯುವುದಿಲ್ಲ.

ಬುಕ್ ಮಾಡುವವರಿಗೆ: ಶುಕ್ರವಾರ ಬೇಡ. ಮ್ಯೂಸಿಯಂ ರಜೆ, ಜುಮ್ಮಾ ಮಸೀದಿಯಲ್ಲಿ ನಮಾಜಿನ ಜನ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್-ಮೇನಲ್ಲಿ ಹೋಗುವುದಾದರೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ, ಚಪ್ಪಲಿ ಬಿಟ್ಟು ನಡೆಯುವ ಕಲ್ಲು ಹನ್ನೊಂದು ಗಂಟೆಗೇ ಕಾವಲಿಯಾಗಿರುತ್ತದೆ. ತೊರವಿಗೆ ಟಾರ್ಚ್ ಬೇಕು, ಮೇಲಿಂದ ಇಣುಕಲು ಮಾತ್ರ. ಸುರಂಗದೊಳಗೆ ಇಳಿಯಬೇಡಿ, ಬಾವಲಿ, ಕೆಸರು, ಕಟ್ಟಿದ ಗಾಳಿ ಮೂರೂ ಇರುತ್ತವೆ. ಯಾರಾದರೂ ಹುರುಪಿನಲ್ಲಿ ಇಳಿಯಲು ಹೋದರೆ ತಡೆಯುವ ಹಗ್ಗವೂ ಇಲ್ಲ, ಎರಡನೇ ಗೈಡೂ ಇಲ್ಲ. ಮಕ್ಕಳಿದ್ದರೆ ಕೈ ಹಿಡಿದೇ ಇರಿ. ಮಳೆಗಾಲದಲ್ಲಿ ತೊರವಿ ಬಿಟ್ಟುಬಿಡುತ್ತಾರೆ. ಆಗ ತಲಾ 200 ರೂಪಾಯಿ ಕಡಿಮೆ ಮಾಡುವ ಪದ್ಧತಿ ಇದೆ, ಕೇಳಿದವರಿಗೆ ಮಾತ್ರ.